ಆ ರಾಣಿ ಕಲ್ಲಾಗಿರಲಿಲ್ಲಂತ

ಹಿರೀ ನೆಗೆಣ್ಣಿ ಅಕ್ಕಾಗ,

ಮೊದಲ ನೆಟ್ಟಗ ಕುಂದರು. ಯಾರದರ ಕಾಗದಾ ಬಂದ್ರ ಅರ್ಧಾ ಓದಿ, ತಿಳೀತ ಬಿಡು ಅಂತ ದಿಂಬಿನ ಬುಡಕ ತುರಕೂ ಚಾಳಿ ನಿಂದು. ಇದನ್ನ ಕಡೀತನಕಾ ಓದಬೇಕು. ಅಕಿವಾಟದ ಸಾಲ್ಯಾಗ ನಾಕನೇತ್ತೆ ಕಲತಾಕಿ ನಾನು, ಒತ್ತಕ್ಷರ ತಪ್ಪಿದ್ರ ನಗಬ್ಯಾಡ. ನೀ ಮಣ್ಣಿಗೆ ಹೋಗಿ ಎರಡು ವರ್ಷಾತು, ಒಂದು ಸಲ ಕನಸಿನ್ಯಾಗೂ ಬರಲಿಲ್ಲ. ಅಷ್ಟು ಸೊಕ್ಕು ಯಾತರದು?

ಬೆನ್ನಮ್ಯಾಲೆ ಊರು ಹೊತ್ತ ಆಮೆಯ ಸಿನೆಮಾ ನೆನಪೈತೇನ? ಸೂಟಿಯಾಗ ಹುಡುಗೂರ್ನ ಕಟಗೊಂಡು ಕೊಲ್ಲಾಪುರಕ್ಕ ಹೋಗಿ ನೋಡಿದ್ವಿ. ಇಚಲಕರಂಜಿ ಮಗ್ಗದ ಸಪ್ಪಳಕ್ಕ ನನ್ನ ಎಡಗಿವಿ ಆಗಲೇ ಹೋಗಿತ್ತು. ನೀ ಬಲಗಿವೀ ಕಡೆ ಕುಂತು ಹಿಂದೀ ಮಾತೆಲ್ಲಾ ಕನ್ನಡದಾಗ ಪಿಸುಗುಟ್ಟಿದಿ. ಹಿಂದಿನವರು "ಗಪ್ ಬಸಾ ಕೀ", ಸುಮ್ಮ ಕುಂದರ್ರಿ ಅಂದದ್ದಕ್ಕ ಹೊಳ್ಳಿ ನೋಡಿ, ಇಕಿದೂ ತಿಕೀಟು ತಗಸೇವಿ ಅಂತ ಮರಾಠಿಯಾಗ ಜಾಡಿಸಿದಿ. ಕಡೀಗೆ ರಾಣಿ ಮಗಳನ್ನ ಆಮೆ ಮ್ಯಾಲೆ ಬಿಟ್ಟು ಕಾಡಿನ್ಯಾಗ ಹೊಂಟ್ಲು. ಏನಂದ್ಲು ಅಂತ ಕೇಳಿದೆ. ನೀ ಒಂದೀಟು ತಡದು, "ಕಲ್ಲಾಗತೇನಿ ಅಂದ್ಲವಾ" ಅಂದಿ. ಹೆಂತಾ ತಾಯಿ ಅಂತ ನಾ ಸೆರಗಿಲೆ ಕಣ್ಣ ಒರಸಿಕೊಂಡೆ.

ಮುಂದ ಎಷ್ಟು ವರ್ಷ ಜ್ವಾಳಾ ಹಸನ ಮಾಡತ ಅದನ್ನ ಮಾತಾಡಿದ್ವಿ! ಕಲ್ಲು ಹೆಂಗ ಕರಗೀತು? ಮಗಳ ಕಣ್ಣೀರು ಬೀಳಬೇಕು ಅಂತಿದ್ದಿ ನೀ. ಅವ್ವಾ ಅಂತ ಒಮ್ಮೆ ಕರದ್ರ ಸಾಕು ಅಂತಿದ್ದೆ ನಾ. ಎರಡನೇ ಭಾಗ ಬರಲಿ, ಯಾರ ಮಾತು ಖರೇ ನೋಡೂಣು ಅಂತಿದ್ವಿ.

ಬಂತವಾ ಎರಡನೇ ಭಾಗ. ಹ್ವಾದ ವಾರ ನಿನ್ನ ಮೊಮ್ಮಗಳು ಪಲ್ಲವಿ ಕರಕೊಂಡು ಹೋದ್ಲು. ಅಕಿ ಎಡಕ್ಕ ಕುಂತು ಮೊಬೈಲ್ ತಿಕ್ಕಾಕತ್ತಿದ್ಲು. ಬಲಕ್ಕಿನ ಖುರ್ಚಿ ಖಾಲೀ ಇತ್ತು. ಐದು ಮಿನಿಟಿನ್ಯಾಗ ರಾಣಿ ಬಾಗಲಾ ನೂಕಿ ಒಳಗ ಬಂದ್ಲು, ತುಟಿಗೆ ಬಣ್ಣ, ಮೈತುಂಬ ಬಂಗಾರ. ಬೀಗರ ಮನೀಗೆ ಹೋಗಿ ಬಂದಂಗ. ಆಮೆಗೆ ರೆಕ್ಕಿ ಹಚ್ಯಾರ, ಬಾಯಿಂದ ಬೆಂಕಿ ಬಿಡತೈತಿ. ಮುಂದ ಬರೇ ಹೊಡದಾಟ. ತಾಯಿ ಮಗಳು ಕುಂತು ಎರಡು ಮಾತಾಡಲಿಲ್ಲ. ಸಣ್ಣ ಹುಡುಗೂರು ಸೈತ ಮಲಗಿದ್ವು.

ಕಲ್ಲಾದಾಕಿ ಎದ್ದು ಹೆಂಗ ಬಂದ್ಲು ಅಂತ ಇಂಟರ್ವಲ್‌ನ್ಯಾಗ ಕೇಳಿದೆ. ಪಲ್ಲವಿ ಬಿದ್ದು ಬಿದ್ದು ನಕ್ಕು, "ಕಲ್ಲಲ್ಲ ಸಣ್ಣಜ್ಜಿ, ಕಲ್. 'ಕಲ್ ಆವೂಂಗಿ' ಅಂದಿದ್ಲು. ನಾಳೆ ಬರತೇನಿ ಅಂತ" ಅಂದ್ಲು.

ನಿನ್ನ ಹಿಂದೀಗೆ ನಾನೂ ನಕ್ಕೆ. ಮನೀಗೆ ಬಂದು ಬಳ್ಳೊಳ್ಳಿ ಸುಲಿಯೂ ಮುಂದ ಕೈ ನಿಂತು ಹೋತು. ಜಯಸಿಂಗಪುರ ಸ್ಟೇಶನ್ ಎದುರು ನಿಮ್ಮಪ್ಪನ ಚಾದ ಅಂಗಡಿ. ದೇಶದ ಮಂದಿ ಕೂಡ ಹಿಂದೀ ಮಾತಾಡಿ ಬೆಳದಾಕಿ ನೀ. ಕಲ್ ಅಂದ್ರ ನಾಳೆ ಅನ್ನೂದು ನಿನಗ ಗೊತ್ತಿರಲಿಲ್ಲೇನ?

ಆ ಸೂಟಿಗಿಂತ ಎರಡು ತಿಂಗಳ ಮೊದಲ ನಮ್ಮ ಶೈಲಾ ಹೊಚ್ಚಲದಾಗ ನಿಂತು, ಅವ್ವಾ, ನಾಳೆ ಬರತೇನಿ ಅಂತ ಹೇಳಿ ಗಡಹಿಂಗ್ಲಜಕ್ಕ ಹೋಗಿ, ತನಗ ಬೇಕಾದವನ್ನ ಲಗ್ನಾದ್ಲು. ಯಾರರ ನಾಳೆ ಅಂದ್ರ ಸಾಕು, ನಾ ತಾಟು ಒಗೀತಿದ್ದೆ. ಟಾಕೀಜಿನ ಕತ್ತಲದಾಗ ನನ್ನ ಮಾರಿ ನೋಡಿ ಆ ಶಬ್ದಾ ನುಂಗಿದೇನ ಅಕ್ಕಾ? ಇಲ್ಲಾ ಖರೇನ ತಪ್ಪು ಕೇಳಿದೇನ?

ಯಾಕ ಕೇಳಾಕತ್ತೇನಿ ಅಂದ್ರ, ಮನ್ಯಾಗ ಎಲ್ಲಾರೂ ಮಗಳನ್ನ ಕರಿ ಕರಿ ಅಂದ್ರು, ನೀ ಒಬ್ಬಾಕಿ ಅನಲಿಲ್ಲ. ಕಲ್ಲಾಗೂದ ತಾಯಿಯ ದೊಡ್ಡಸ್ತಿಕಿ ಅಂತ ನಾ ಹಂಗ ಕುಂತೆ. ಹನ್ನೊಂದು ವರ್ಷ. ನಿನಗ ಅಕಿ ಬರೂದು ಬ್ಯಾಡಾಗಿತ್ತೇನ, ಇಲ್ಲಾ ನಾ ಅಳೂದು ಬ್ಯಾಡಾಗಿತ್ತೇನ...

ನಿನಗ ಗೊತ್ತಿಲ್ಲದ ಸುದ್ದಿ ಐತಿ. ನಿನ್ನೆ ನಾನ ಶೈಲಾಗ ಫೋನ್ ಹಚ್ಚಿದೆ. ಯಾರು ಅಂದ್ಲು. ಅವ್ವ ಅಂದೆ. ಆಮ್ಯಾಲೆ ಮುಂದಿನ ತಿಂಗಳು ಬರತೇನಿ ಅಂದ್ಲು. ನಾಳೆ ಅನಲಿಲ್ಲ, ಶ್ಯಾಣ್ಯಾಕಿ ಆಗ್ಯಾಳ.

ದೊಡ್ಡವ್ವ ನನ್ನ ನೆನಸತಿದ್ಲೇನ ಅಂತ ಬಂದ ಕೂಡಲೇ ಕೇಳತಾಳ. ನಾ ಏನ ಹೇಳ್ಲಿ? ಮುಂದಿನ ತಿಂಗಳು ಹತ್ತೂದರೊಳಗ ಉತ್ತರಾ ಕೊಡು. ಸುಳ್ಳು ಹೇಳಿದ್ರೂ ನಡೀತೈತಿ, ಸುಮ್ಮ ಮಾತ್ರ ಇರಬ್ಯಾಡ.