ನಗಬೇಡಿ, ಮಾವ

ಪ್ರೀತಿಯ ಮಾವ,

ಶಾಲೆಯ ಗೇಟು ದಾಟಿ ಬೀದಿಗಿಳಿದರೆ ಎದುರಿಗೇ ನಿನ್ನ ಅಂಗಡಿ. ಕೂಗಿದರೆ ಕೇಳುವಷ್ಟು ದೂರ. ಅಷ್ಟು ಹತ್ತಿರ ಇರುವವನಿಗೆ ಕೂತು ಕಾಗದ ಬರೆಯುತ್ತಿದ್ದೇನೆ ಅಂದರೆ, ಎದುರು ನಿಂತು ಮಾತಾಡುವ ಮುಖ ನನಗಿಲ್ಲ ಅಂತಲೇ ಅರ್ಥ. ಈ ವಾರವೆಲ್ಲ ಹಿಂದಿನ ಗಲ್ಲಿಯಿಂದ ಹೋಗಿ ಬರುತ್ತಿದ್ದೇನೆ. ನೀನು ನೋಡಿಯೇ ಇರುತ್ತೀಯ. ದಾರಿಯಲ್ಲಿ ಹೋಗುವ ಸೈಕಲ್ಲಿನ ಯಾವ ಕಡ್ಡಿ ಸಡಿಲ ಅಂತ ಕೂತಲ್ಲಿಂದಲೇ ಹೇಳಿ ಜಂಬ ಪಡುವವನಿಗೆ, ಅಕ್ಕನ ಮಗಳು ಕಣ್ಣು ತಪ್ಪಿಸಿ ಓಡಾಡುವುದು ಕಾಣದೇ ಇರುತ್ತದೆಯೇ?

ಆ ಫೋಟೋ ವಿಷಯ ಮಾತಾಡಬೇಕು. ನೀನಾಗಿ ಎತ್ತುವುದಿಲ್ಲ, ಗೊತ್ತು. ಆದ್ದರಿಂದ ನಾನೇ ಎತ್ತುತ್ತೇನೆ.

ಮಕ್ಕಳಿಗೆ ಸಾಮಾಜಿಕ ಉದ್ಯಮಶೀಲತೆ ಕಲಿಸುವ ಕೆಲಸ ಸಿಕ್ಕಿದೆ ಅಂತ ನಾನು ಕುಣಿದುಕೊಂಡು ಬಂದು ಹೇಳಿದ ದಿನ ನೀನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದೆ. ತಲೆ ಎತ್ತದೆ, "ಆ ಹೆಸರು ಪೂರ್ತಿ ಹೇಳಿ ಮುಗಿಸೋದ್ರೊಳಗೆ ನಾನೊಂದು ಪಂಕ್ಚರ್ ಹಾಕಿ ಕಳಿಸ್ತೀನಿ" ಅಂದೆ. ನನಗೆ ಸಿಟ್ಟು ಬಂದಿತ್ತು. ಸುತ್ತಮುತ್ತಲಿನ ಒಂದು ತೊಂದರೆಯನ್ನು ಮಕ್ಕಳೇ ಹುಡುಕಬೇಕು, ದಾನಧರ್ಮ ಮಾಡಿ ಕೈ ತೊಳೆದುಕೊಳ್ಳದೆ, ತನ್ನ ಕಾಲ ಮೇಲೆ ತಾನು ನಿಲ್ಲುವ ಒಂದು ಪುಟ್ಟ ವ್ಯವಹಾರ ಕಟ್ಟಿ ಅದನ್ನು ನೀಗಿಸಬೇಕು ಅಂತ ಉದ್ದಕ್ಕೆ ಭಾಷಣ ಬಿಗಿದೆ. ನೀನು ಕನ್ನಡಿ ನೋಡಿ ತಲೆ ಬಾಚಿಕೊಳ್ಳುತ್ತಾ ಕೇಳಿಸಿಕೊಂಡೆ. ಗಿರಾಕಿ ಬರುವ ಹೊತ್ತಿಗೆ ಕ್ರಾಪು ಸರಿ ಇರಬೇಕು ನಿನಗೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗ್ರೀಸಿನ ಕೆಲಸ ಮಾಡಿ, ಒಂದು ಚುಕ್ಕೆ ಕಲೆಯಿಲ್ಲದೆ ಎದ್ದು ಬರುವ ಇನ್ನೊಬ್ಬ ರಿಪೇರಿಯವನನ್ನು ನಾನಂತೂ ಕಂಡಿಲ್ಲ.

ಕೊನೆಗೆ ಜಾಗ ಕೊಟ್ಟವನೂ ನೀನೇ. ದೂರದ ಬಡಾವಣೆಯಿಂದ ನಡೆದು ಬರುವ ಮಕ್ಕಳು ಮೊದಲ ಪಾಠದಲ್ಲೇ ತೂಕಡಿಸುತ್ತಾರೆ ಅನ್ನುವುದನ್ನು ನನ್ನ ತರಗತಿಯವರೇ ಕಂಡುಹಿಡಿದರು. ಮೆಟ್ಟಿಲ ಕೆಳಗೆ, ಬಾಲ್ಕನಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸೈಕಲ್ಲುಗಳನ್ನು ಮನೆಮನೆಗೆ ಹೋಗಿ ಕೇಳಿ ತಂದರು. ಶನಿವಾರ ನಿನ್ನ ಅಂಗಡಿಯಲ್ಲಿ ರಿಪೇರಿ, ಸೋಮವಾರದಿಂದ ಕಡಿಮೆ ಬಾಡಿಗೆಗೆ ಸವಾರಿ, ಬಾಡಿಗೆ ಹಣದಲ್ಲಿ ಬಿಡಿಭಾಗದ ಖರೀದಿ. ಎರಡು ಜಡೆಯ ಹುಡುಗಿ ಗುಂಪಿನ ನಾಯಕಿ. ಎಲ್ಲರ ಕೆಲಸವನ್ನೂ ತಪಾಸಣೆ ಮಾಡುತ್ತಾಳೆ ಅಂತ ನೀನು ಅವಳಿಗೆ ಇನ್ಸ್‌ಪೆಕ್ಟರಮ್ಮ ಅಂತ ಹೆಸರಿಟ್ಟೆ. ಅಂಟು ಒಣಗುವ ಮುಂಚೆಯೇ ತೇಪೆ ಒತ್ತುವ ಮಕ್ಕಳ ಆತುರ ನೋಡಿ, "ಏನು, ರೈಲು ಹೊರಟೋಗ್ತಿದೆಯಾ?" ಅಂತ ರೇಗಿಸುತ್ತಿದ್ದೆ. ಅವರೂ ನಿನ್ನನ್ನು ಸೈಕಲ್ ಮಾವ ಅನ್ನತೊಡಗಿದರು. ನನಗೊಬ್ಬಳಿಗೇ ಇದ್ದ ಮಾವ ಊರಿನ ಮಕ್ಕಳಿಗೆಲ್ಲ ಮಾವನಾದ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಶಾಲೆಗಳ ನಡುವೆ ಸ್ಪರ್ಧೆ ಇದೆ, ನಮ್ಮ ಮಕ್ಕಳೂ ವೇದಿಕೆ ಮೇಲೆ ತಮ್ಮ ಉದ್ಯಮದ ಕಥೆ ಹೇಳಬೇಕು ಅಂತಾಯಿತು. ಅವರ ನಿಯಮದಲ್ಲಿ ಒಂದು ಸಾಲಿತ್ತು: ಫಲಾನುಭವಿಯ ಎರಡು ಫೋಟೋ ಬೇಕು, ಮೊದಲು ಹೇಗಿದ್ದರು, ನಂತರ ಹೇಗಾದರು. ಸೈಕಲ್ ಪಡೆದ ಮಕ್ಕಳ ಮನೆಗೆ ಹೋಗಿ ಕೇಳಿದೆ. ಒಬ್ಬ ತಾಯಿ ಬಾಗಿಲಲ್ಲೇ ನಿಲ್ಲಿಸಿ, "ಬಾಡಿಗೆ ಕೊಟ್ಟು ಓಡಿಸ್ತಿದಾನೆ ನನ್ನ ಮಗ. ಅವನನ್ನ ಪಾಪ ಅಂತ ತೋರಿಸ್ಬೇಡಿ ಮಿಸ್" ಅಂದರು. ಉಳಿದವರದ್ದೂ ಹೆಚ್ಚುಕಡಿಮೆ ಅದೇ ಮಾತು. ನನಗೆ ಅದು ಸರಿ ಅನ್ನಿಸಿತು, ತಲೆಯಾಡಿಸಿ ಬಂದೆ. ಆ ತಾಯಿಯ ಸ್ವಾಭಿಮಾನ ನನಗೆ ಅರ್ಥವಾಯಿತು ಮಾವ. ಅರ್ಥವಾದ ಮೇಲೂ ಅಲ್ಲಿಂದ ನೇರ ನಿನ್ನ ಹತ್ತಿರ ಬಂದೆ. ಯಾಕೆಂದರೆ ನೀನು ನನಗೆ ಇಲ್ಲ ಅನ್ನುವುದಿಲ್ಲ.

ಮುಚ್ಚಿಹೋಗುವ ಸ್ಥಿತಿಯಲ್ಲಿದ್ದ ಒಂದು ರಿಪೇರಿ ಅಂಗಡಿ, ಮಕ್ಕಳು ಬಂದು ಅದಕ್ಕೆ ಜೀವ ಕೊಟ್ಟರು. ಹೀಗೊಂದು ಕಥೆ ದಾರಿಯಲ್ಲೇ ಹೊಳೆಯಿತು. ನಿನ್ನ ಅಂಗಡಿ ಯಾವ ಕಾಲಕ್ಕೂ ಮುಚ್ಚುವ ಸ್ಥಿತಿಯಲ್ಲಿರಲಿಲ್ಲ. ಮಕ್ಕಳಿಗೆ ಜಾಗ ಬಿಟ್ಟುಕೊಟ್ಟು ಶನಿವಾರದ ಗಿರಾಕಿಗಳನ್ನು ನೀನೇ ವಾಪಸ್ ಕಳಿಸುತ್ತಿದ್ದೆ. "ಒಂದು ಫೋಟೋ ಅಷ್ಟೇ ಮಾವ, ಸುಮ್ಮನೆ ಶಾಲೆಯಲ್ಲಿ ತೋರಿಸೋಕೆ" ಅಂದೆ ನಾನು. ನೀನು ಹಿಗ್ಗಿ, "ನಾಟಕದಲ್ಲಿ ಪಾರ್ಟು ಕೊಡ್ತಿದೀಯ ಅನ್ನು" ಅಂದೆ.

ಹಾಗೆ, 'ನಂತರ' ಆದ ಮೇಲೆ 'ಮೊದಲು' ತಯಾರಿಸಲು ಕೂತೆವು. ಷಟರನ್ನು ಅರ್ಧ ಎಳೆದೆವು. ಗೋಡೆಯ ಹಲಗೆಯ ಮೇಲೆ ಪಾನಾ, ಸುತ್ತಿಗೆ, ಇಕ್ಕಳ ಒಂದೊಂದಕ್ಕೂ ಬಣ್ಣದಲ್ಲಿ ಅದರದೇ ಆಕಾರ ಬರೆದಿಟ್ಟಿದ್ದೀಯಲ್ಲ, ಆ ಹಲಗೆಯನ್ನು ಬರಿದು ಮಾಡಿದೆವು. ಇಸ್ತ್ರಿ ಅಂಗಿ ಬಿಚ್ಚಿಸಿ, ನೀನು ಕೈ ಒರೆಸುವ ಹಳೇ ಅಂಗಿ ತೊಡಿಸಿದೆವು. ಕೂದಲು ಕೆದರಿದ್ದು ನಾನೇ. ಮಕ್ಕಳು ಬಿದ್ದು ಬಿದ್ದು ನಕ್ಕರು, ನೀನೂ ನಕ್ಕೆ. ತೊಂದರೆ ಆದದ್ದೇ ಅಲ್ಲಿ. ಎಷ್ಟು ಸಲ ತೆಗೆದರೂ ನೀನು ಖುಷಿಯಾಗಿಯೇ ಕಾಣುತ್ತಿದ್ದೆ. "ನಗಬೇಡಿ ಮಾವ, ಸ್ವಲ್ಪ ಬೇಜಾರು ಮಾಡ್ಕೊಳ್ಳಿ" ಅಂತ ಇನ್ಸ್‌ಪೆಕ್ಟರಮ್ಮ ಅಂಗಲಾಚಿದಳು. ನೀನು ತುಟಿ ಬಿಗಿ ಹಿಡಿದೆ, ಕಣ್ಣು ನಗುತ್ತಿತ್ತು. ಹೊತ್ತು ಹೋಗುತ್ತಿತ್ತು, ನನಗೆ ತಾಳ್ಮೆ ತಪ್ಪಿತು.

ಆಗ ನಾನು ಬಗ್ಗಿ ನಿನ್ನ ಕಿವಿಯಲ್ಲಿ ಹೇಳಿದೆ, "ಅತ್ತೆಯನ್ನ ಆಸ್ಪತ್ರೆಯಿಂದ ಮನೆಗೆ ತಂದ ದಿನ ನೆನಪಿಸ್ಕೋ."

ಇದನ್ನು ಬರೆಯಲು ಕೈ ಬರುತ್ತಿಲ್ಲ ಮಾವ. ಹೇಳುವಾಗ ಮಾತ್ರ ನಾಲಿಗೆ ತಡವರಿಸಲಿಲ್ಲ. ನಿನ್ನ ಮುಖ ಒಮ್ಮೆಲೇ ಇಳಿದುಹೋಯಿತು. ಕೈ ತೊಡೆಯ ಮೇಲೆ ತಾನಾಗಿ ಬಿತ್ತು. ನಾನು ಫೋಟೋ ತೆಗೆದೆ. "ಸೂಪರ್ ಮಿಸ್! ಅದೇನು ಹೇಳಿದ್ರಿ?" ಅಂತ ಮಕ್ಕಳು ಕೇಳಿದರು. ನಾನು ನಕ್ಕು ಫೋನನ್ನು ಅವರ ಮುಂದೆ ಹಿಡಿದೆ. ನೀನು ಎದ್ದು ಒಳಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ. ಆ ದಿನ ನೀನು ಕೈಗೆ ಗ್ರೀಸೇ ಮುಟ್ಟಿಸಿರಲಿಲ್ಲ.

ಸ್ಪರ್ಧೆಗೆ ನಿನ್ನನ್ನು ಕರೆಯಲಿಲ್ಲ. ಕರೆಯಲು ಮರೆತೆ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನೀನು ಮಕ್ಕಳಿಂದ ತಿಳಿದು ಬಂದೇಬಂದೆ, ಹೊಸ ಅಂಗಿ ತೊಟ್ಟು, ಪೋಷಕರ ನಡುವೆ ಕೂತೆ. ಗೋಡೆಯಗಲದ ಪರದೆಯ ಮೇಲೆ ನಿನ್ನ ಮುಖ ಮೂಡಿತು. ತೀರ್ಪುಗಾರರಲ್ಲೊಬ್ಬರು ಕನ್ನಡಕ ತೆಗೆದು, "ಈ ಮನುಷ್ಯನ ಕಣ್ಣೇ ಎಲ್ಲ ಹೇಳ್ತಿದೆ" ಅಂದರು. ಪಕ್ಕದ ಹೆಂಗಸು ನಿನ್ನನ್ನು ಗುರುತಿಸದೆ ನಿನ್ನ ಕಡೆಗೇ ತಿರುಗಿ ಲೊಚಗುಟ್ಟಿದ್ದನ್ನು ನಾನು ವೇದಿಕೆಯಿಂದ ನೋಡಿದೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ. ಮೊದಲ ಬಹುಮಾನ ನಮಗೇ ಬಂತು. ಹೊರಗೆ ಸಿಕ್ಕಾಗ ನೀನು, "ಫೋಟೋ ಚೆನ್ನಾಗಿ ಬಂದಿದೆ" ಅಂದು ನಡೆದುಹೋದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಶಾಲೆಯವರು ಆ ಫೋಟೋವನ್ನೇ ದೊಡ್ಡದು ಮಾಡಿ ಗೇಟಿಗೆ ಹಾಕಿದರು, ಸರಿಯಾಗಿ ನಿನ್ನ ಅಂಗಡಿಯ ಎದುರು. ಅದರಿಂದ ಏನೇನಾಯಿತು ಅನ್ನುವುದನ್ನು ನಿನ್ನ ಪಕ್ಕದ ಕ್ಷೌರದ ಅಂಗಡಿಯವರು ಹೇಳಿದರು. ಹಳೇ ಗಿರಾಕಿಯೊಬ್ಬರು ಅಂಗಡಿ ಇವತ್ತೋ ನಾಳೆಯೋ ಮುಚ್ಚಬಹುದೆಂದು ಸೈಕಲ್ಲನ್ನು ಬೇರೆ ಕಡೆ ಒಯ್ದರಂತೆ. ಯಾರೋ ಪುಣ್ಯಾತ್ಮರು ಒಂದು ಚೀಲ ಹಳೇ ಬಟ್ಟೆ ತಂದು ನಿನ್ನ ಬಾಗಿಲಲ್ಲಿಟ್ಟು ಹೋದರಂತೆ. ನೀನು ಅದರಿಂದೊಂದು ಪ್ಯಾಂಟು ಎತ್ತಿ ಹಿಡಿದು, "ಕೊಡೋದು ಕೊಟ್ರು, ಅಳತೆ ಕೇಳಿ ಕೊಡಬಾರ್ದಿತ್ತಾ?" ಅಂದೆಯಂತೆ. ಕ್ಷೌರದವರು ಅದನ್ನು ತಮಾಷೆ ಅಂತ ಹೇಳಿ ನಕ್ಕರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ ನಿನ್ನ ಹತ್ತಿರ ಬರಲಿಲ್ಲ. ಎಲ್ಲರೂ ಮರೆಯುತ್ತಾರೆ, ನೀನೂ ಮರೆಯುತ್ತೀಯ ಅಂತ ಕಾದೆ.

ಮೊನ್ನೆ ಕಾರಿಡಾರಿನಲ್ಲಿ ಹೋಗುತ್ತಿದ್ದೆ. ಈ ವರ್ಷ ಹೊಸದಾಗಿ ನನ್ನ ತರಗತಿಗೆ ಸೇರಿದ ಚಿಕ್ಕ ಮಕ್ಕಳು, ನೆಲ ಒರೆಸುವ ಆಯಮ್ಮನನ್ನು ಬಕೆಟಿನ ಪಕ್ಕ ಕೂರಿಸಿಕೊಂಡಿದ್ದರು. ಕೆಲಸದವರ ಬೆನ್ನುನೋವಿಗೆ ಉದ್ದ ಹಿಡಿಕೆಯ ಸಾಧನ ಮಾಡುವುದು ಅವರ ಯೋಜನೆ. ಒಳ್ಳೆಯದೇ. ಆಯಮ್ಮ ನಗುತ್ತಿದ್ದರು, ಫೋನು ಹಿಡಿದ ಪೋರಿ ಕೇಳಿದಳು, "ಆಂಟಿ, ನಿಮ್ಮ ಮನೇಲಿ ಯಾರಾದ್ರೂ ಸತ್ತೋಗಿದಾರಾ? ಅವರನ್ನ ಒಂದ್ಸಲ ನೆನಪಿಸ್ಕೊಳ್ಳಿ, ಫೋಟೋ ಚೆನ್ನಾಗಿ ಬರುತ್ತೆ."

ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಇನ್ಸ್‌ಪೆಕ್ಟರಮ್ಮ ಅಕ್ಕ ಅಂದಳು. ಅವಳನ್ನು ಕರೆಸಿದೆ. ಅವಳ ಮುಖದಲ್ಲಿ ಭಯವೂ ಇರಲಿಲ್ಲ, ಮುಚ್ಚಿಡುವ ಭಾವವೂ ಇರಲಿಲ್ಲ. "ಮಾವನ ಕಿವೀಲಿ ನೀವು ಹೇಳಿದ್ದು ನಂಗೆ ಕೇಳಿಸ್ತು ಮಿಸ್. ಹಾಗೇ ಮಾಡ್ಬೇಕು ಅಂದ್ಕೊಂಡೆ" ಅಂದಳು. ನನ್ನ ಯೋಜನೆಯ ಪಟ್ಟಿ, ಲೆಕ್ಕಾಚಾರ, ಭಾಷಣ ಒಂದೂ ಆ ಮಗುವಿನ ತಲೆಯಲ್ಲಿ ಉಳಿದಿರಲಿಲ್ಲ. ಉಳಿದದ್ದು ಅದೊಂದೇ ಪಾಠ. ಅದನ್ನು ಅವಳು ನನಗಿಂತ ಚೆನ್ನಾಗಿ ಇನ್ನೊಬ್ಬರಿಗೆ ಕಲಿಸಿಯೂ ಬಿಟ್ಟಿದ್ದಳು.

ಅವತ್ತೇ ಆಯಮ್ಮನ ಕ್ಷಮೆ ಕೇಳಿದೆ. ಏಣಿ ತಂದು ಗೇಟಿನ ಫೋಟೋ ನಾನೇ ಇಳಿಸಿದೆ. ಮಕ್ಕಳನ್ನೆಲ್ಲ ಕೂರಿಸಿ ಇದ್ದದ್ದು ಇದ್ದಹಾಗೆ ಹೇಳಿದೆ. ಬಹುಮಾನ ವಾಪಸ್ ಕೊಡುತ್ತೇವೆ ಅಂದಾಗ ಒಂದಿಬ್ಬರು ಅತ್ತರು. ಇನ್ಸ್‌ಪೆಕ್ಟರಮ್ಮ ಅಳಲಿಲ್ಲ, ನನ್ನನ್ನೇ ನೋಡುತ್ತಾ ಕೂತಳು. ಆ ನೋಟವನ್ನು ಎದುರಿಸುವುದು ಕಷ್ಟ. ಮುಖ್ಯೋಪಾಧ್ಯಾಯರು ಶಾಲೆಯ ಮರ್ಯಾದೆ ಹೋಗುತ್ತದೆ ಅನ್ನುತ್ತಿದ್ದಾರೆ. ಸೋಮವಾರ ಸ್ಪರ್ಧೆಯ ಆಯೋಜಕರ ಎದುರು ನಿಂತು ಹೇಳಬೇಕು. ಕೆಲಸ ಉಳಿಯುತ್ತದೋ ಇಲ್ಲವೋ, ಅದು ನಿನ್ನ ತಲೆನೋವಲ್ಲ. ಅದಕ್ಕಾಗಿ ನೀನು ಕರಗಬೇಡ.

ನಿನ್ನ ಹತ್ತಿರ ನನಗಿರುವುದು ಬೇರೆಯೇ ಮಾತು. ಅತ್ತೆ ಹೋದಾಗ ನೀನು ನಮ್ಮ ಯಾರ ಮುಂದೆಯೂ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ನನ್ನ ತಲೆ ಸವರಿದೆ, ಮರುವಾರ ಅಂಗಿಗೆ ಇಸ್ತ್ರಿ ಹಾಕಿಕೊಂಡು ಅಂಗಡಿ ತೆರೆದೆ. ಮಾವ ಗಟ್ಟಿಗ, ತಡೆದುಕೊಂಡ ಅಂತ ಮನೆಯವರೆಲ್ಲ ಅಂದುಕೊಂಡೆವು. ನಾನೂ ನಂಬಿದೆ, ನಂಬುವುದು ಸುಲಭವಾಗಿತ್ತು. ಅವತ್ತು ಅಂಗಡಿಯಲ್ಲಿ ನಿನ್ನ ದುಃಖವನ್ನು ನಾನು ಮೊದಲ ಸಲ ಕಣ್ಣಾರೆ ಕಂಡೆ. ಕಂಡು, ಮಾವ, ನಿನ್ನ ಕೈ ಹಿಡಿದುಕೊಳ್ಳಲಿಲ್ಲ. ಬೆಳಕು ಸರಿಯಾಗಿ ಬೀಳುತ್ತಿದೆಯಾ ಅಂತ ನೋಡಿದೆ.

ನಾಳೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಬರುತ್ತೇನೆ. ಮಕ್ಕಳಿರುವುದಿಲ್ಲ, ಫೋನು ಮನೆಯಲ್ಲಿ ಬಿಟ್ಟು ಬರುತ್ತೇನೆ. ನೀನು ಬೈದರೂ ಸರಿ, ಬೆನ್ನು ತಿರುಗಿಸಿ ಕೂತರೂ ಸರಿ. ಅತ್ತೆಯ ಬಗ್ಗೆ ಏನಾದರೂ ಹೇಳಬೇಕನ್ನಿಸಿದರೆ ಕೇಳಿಸಿಕೊಳ್ಳುತ್ತೇನೆ. ನನಗಾಗಿ ನಗಬೇಡ.

ನೀನು ಚೆನ್ನಾಗಿರು ಮಾವ. ಹಾಗೆ ಹರಸುವ ವಯಸ್ಸೂ ನನ್ನದಲ್ಲ, ಯೋಗ್ಯತೆಯೂ ಇಲ್ಲ. ಆದರೂ ಚೆನ್ನಾಗಿರು.

ತಲೆ ತಗ್ಗಿಸಿ,
ನಿನ್ನ ಅಕ್ಕನ ಮಗಳು