ಕೆಂಪು ನೂಲು

ಮಾರ್ಚ್ 3, ಸೋಮವಾರ

ಪಿಎಚ್.ಡಿ. ಅಧ್ಯಯನಕ್ಕೆ ಆಸ್ಪತ್ರೆಯ ಲಾಂಡ್ರಿ. ಎಂಟರಿಂದ ಹನ್ನೆರಡು. ಸುಮ್ಮನೆ ನೋಡುತ್ತಾ ಕೂತರೆ ಕೆಲಸದವರಿಗೆ ಕಸಿವಿಸಿ. ಹಾಗಾಗಿ ನಾನೂ ಬೆಡ್‌ಶೀಟ್ ಮಡಿಸುತ್ತೇನೆ. ದೊಡ್ಡಮ್ಮ — ಮೂವತ್ತು ವರ್ಷದಿಂದ ಇಲ್ಲಿದ್ದಾರೆ, ಎಲ್ಲರಿಗೂ ದೊಡ್ಡಮ್ಮನೇ — ನನ್ನ ಮಡಿಕೆ ನೋಡಿ, "ಇದು ಎಂ.ಎ. ಮಾಡಿದ ಮಡಿಕೆ. ನಾಲ್ಕು ಮೂಲೆ, ನಾಲ್ಕು ದಿಕ್ಕು" ಅಂದರು. ಎಲ್ಲರೂ ನಕ್ಕರು. ನಾನೂ.

ಕೆಲವು ಗಂಟುಗಳ ಮೂಲೆಗೆ ಕೆಂಪು ನೂಲು ಕಟ್ಟಿರುತ್ತಾರೆ. ಮೇಲ್ವಿಚಾರಕರನ್ನು ಕೇಳಿದೆ. ವಾರ್ಡಿನ ಗುರುತಂತೆ.

ಮಾರ್ಚ್ 5, ಬುಧವಾರ

ಮೂರನೇ ಅಧ್ಯಾಯ ಮುಗಿಯಿತು. ಕೆಂಪು ನೂಲೇ ಅದರ ಜೀವ — ಆಡಳಿತ ಬಟ್ಟೆಗೂ ಬೇಲಿ ಹಾಕುತ್ತದೆ, ಇತ್ಯಾದಿ. ಗೈಡ್ ನನಗಿಂತ ಹತ್ತು ವರ್ಷ ಚಿಕ್ಕವರು, ಓದಿ ಹಿಗ್ಗಿದರು. ಹದಿನೇಳಕ್ಕೆ ಸಮಿತಿಯ ಮುಂದೆ ಮಂಡಿಸಬೇಕು.

ಮಗಳು: "ಅಮ್ಮ, ನನ್ನ ಹೋಂವರ್ಕ್ ಆಯ್ತು. ನಿಂದು?"

ಮಾರ್ಚ್ 7, ಶುಕ್ರವಾರ

ಮಾತು ಕೊಟ್ಟಂತೆ ಅಧ್ಯಾಯವನ್ನು ಲಾಂಡ್ರಿಯವರಿಗೇ ಓದಿ ಹೇಳಿದೆ. ನೂಲಿನ ಪುಟ ಬಂದಾಗ ಮಡಿಸುವ ಕೈಗಳೆಲ್ಲ ನಿಂತವು. ದೊಡ್ಡಮ್ಮ ಬಾಗಿಲು ಮುಂದೆ ಮಾಡಿ ಬಂದರು.

"ವಾರ್ಡೂ ಇಲ್ಲ, ಗೀರ್ಡೂ ಇಲ್ಲ. ಮೇಲ್ವಿಚಾರಕರಿಗೆ ಹಾಗಂತ ಹೇಳಿದೀವಿ ಅಷ್ಟೆ."

ಕೆಂಪು ನೂಲು ಇದ್ದರೆ ಹಗುರದ ಗಂಟು. ಸೊಂಟ ಹಿಡಿದವಳಿಗೆ. ಬಸುರಿ ಎಂದು ಇನ್ನೂ ಬಾಯಿಬಿಡಲಾಗದವಳಿಗೆ. ಅವಳ ಪಾಲಿನ ಕಂಬಳಿಗಳನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಮೇಲಿನವರಿಗೆ ಗೊತ್ತಾದರೆ ಅವಳ ಕೆಲಸ ಹೋಯಿತು.

ನಾನು ಬೇಲಿ ಅಂತ ಬರೆದದ್ದು ಇವರ ನ್ಯಾಯವನ್ನು.

"ಬರೀಬೇಡ ಅನ್ನಲ್ಲ ತಾಯಿ. ಬರೆದರೆ ಯಾರ್ಯಾರು ಓದ್ತಾರೆ, ಅದನ್ನ ನೋಡ್ಕೋ."

ಮಾರ್ಚ್ 16, ಭಾನುವಾರ

ಒಂಬತ್ತು ದಿನ ಈ ಡೈರಿ ತೆರೆಯಲೇ ಇಲ್ಲ. ನಿಜವನ್ನು ಬರೆದುಬಿಟ್ಟರೆ ಸಮಿತಿ ತಲೆಯ ಮೇಲೆ ಹೊತ್ತು ಮೆರೆಸೀತು... ಇಷ್ಟು ವರ್ಷ ಕವಿತೆ ಓದಿದ್ದು ಇವತ್ತು ಕೈಹಿಡಿಯಿತು. ಕವಿ ಹೇಳದೆ ಬಿಟ್ಟ ಸಾಲೇ ಎಷ್ಟೋ ಸಲ ಉಳಿದವನ್ನು ಹೊತ್ತು ನಿಂತಿರುತ್ತದೆ.

ನೂಲಿನ ಹನ್ನೊಂದು ಪುಟಗಳನ್ನೂ ಅಧ್ಯಾಯದಿಂದ ತೆಗೆದುಹಾಕಿದೆ.

ಮಾರ್ಚ್ 17, ಸೋಮವಾರ

ನೂಲೆಲ್ಲಿ ಎಂದು ಗೈಡ್ ಕೇಳಿದರು. ನಾನು ಅರ್ಥ ಮಾಡಿಕೊಂಡದ್ದು ತಪ್ಪಾಗಿತ್ತು, ಸರಿಯಾದದ್ದನ್ನು ಹೇಳುವ ಹಕ್ಕು ನನ್ನದಲ್ಲ ಎಂದೆ. ಅಧ್ಯಾಯ ಬಡವಾಗಿದೆ, ಇನ್ನೂ ಮೂರು ತಿಂಗಳು ದುಡಿಯಿರಿ ಎಂದಿತು ಸಮಿತಿ. ದುಡಿಯುತ್ತೇನೆ. ಕಲಿಯುವುದು ಬೇಕಾದಷ್ಟಿದೆ.

ಮಾರ್ಚ್ 19, ಬುಧವಾರ

ಎಂಟಕ್ಕೆ ಹಾಜರ್. ನಿನ್ನೆ ಮನೆಯಲ್ಲಿ ಬಕೆಟ್ ಎತ್ತುವಾಗ ಬಲಗೈ ಮಣಿಕಟ್ಟು ಉಳುಕಿತ್ತು. ಯಾರಿಗೂ ಹೇಳಲಿಲ್ಲ. ಎಡಗೈಯಲ್ಲೇ ಎಳೆದೆಳೆದು ಮಡಿಸಿದೆ. ದೊಡ್ಡಮ್ಮ ನೋಡಿದರು. ಟೀ ಕುಡಿದು ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ಬೇರೆ ಗಂಟು. ಚಿಕ್ಕದು. ಮೂಲೆಯಲ್ಲಿ —