ಮೇಲುಹಾಸಿನ ಅಳತೆಯ ಮಂಚ

ಕವಾಲಾ,
14 ನವೆಂಬರ್ 2012

ನನ್ನ ಪ್ರೀತಿಯ ಡೊಮ್ನಾ,

ಬೈಯಬೇಡ. ನನ್ನ ಮದುವೆಯಾಗಿ ಎರಡು ತಿಂಗಳಾಯಿತು, ನಿನಗೆ ಒಂದು ಸಾಲೂ ಬರೆದಿಲ್ಲ. ಲಿಮ್ನೋಸಿನ ನಿನ್ನ ಮನೆಯಲ್ಲಿ ಕಾಲು ನೀಡಿಕೊಂಡು ಕೂತು, ‘ಗಂಡ ಸಿಕ್ಕಿದ ಮೇಲೆ ಅರ್ಗಿರೋಗೆ ಗೆಳತಿ ಯಾಕೆ ಬೇಕು’ ಎಂದು ಸೊಸೆಯ ಮುಂದೆ ಗೊಣಗುತ್ತಿರುತ್ತೀಯ ಎಂದು ಗೊತ್ತು. ಫೋನು ಮಾಡಬಹುದಿತ್ತು. ಆದರೆ ನಿನ್ನ ಸೊಸೆ ಫೋನಿನ ಸದ್ದು ಜೋರು ಮಾಡಿ ಅಡುಗೆಮೇಜಿನ ಮೇಲಿಡುತ್ತಾಳೆ, ಇಡೀ ಮನೆ ನನ್ನ ಮಾತು ಕೇಳುತ್ತಾ ಊಟ ಮಾಡುತ್ತದೆ. ಅದು ನನಗೆ ಬೇಡ. ಅದಕ್ಕೇ ಕಾಗದ.

ಮಂಡಿ ಹೇಗಿದೆ? ವೈದ್ಯರು ಹೇಳಿದಂತೆ ನಡೆಯುತ್ತಿದ್ದೀಯಾ, ಅಥವಾ ನಡೆದೆ ಎಂದು ಸುಳ್ಳು ಹೇಳುತ್ತಿದ್ದೀಯಾ? ಹಡಗಿನಲ್ಲಿ ಕಳಿಸಿದ ಅಂಜೂರದ ಮುರಬ್ಬ ತಲುಪಿತೆಂದು ಕೇಳಿದೆ. ಅದರಲ್ಲಿ ಸಕ್ಕರೆ ಸ್ವಲ್ಪ ಹೆಚ್ಚಾಗಿದೆ, ಮೊಮ್ಮಕ್ಕಳಿಗೆ ಕೊಡು, ನೀನು ತಿನ್ನಬೇಡ.

ನೀನು ಕೇಳಿಕಳಿಸಿದ್ದು ಒಂದೇ ವಿಷಯ, ಮಂಚ ಅಲಂಕರಿಸಿದ ಕಥೆ. ನಿನ್ನ ಮದುವೆಯ ಮಂಚಕ್ಕೆ ಹಾಸು ಹಾಸಿದವಳು ನಾನು. ನಮ್ಮ ಬೀದಿಯ ಎಲ್ಲ ಹುಡುಗಿಯರ ಮಂಚಕ್ಕೂ ಹಾಸಿದೆ. ಹಾಸು ಹಾಸಲು ಮದುವೆಯಾಗದ ಹೆಣ್ಣೇ ಬೇಕು ಎಂದಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದರು. ಕೊನೆಕೊನೆಗೆ ಕರೆಯುವುದಕ್ಕೂ ಮುಜುಗರಪಟ್ಟು ಬಿಟ್ಟರು. ಅಮ್ಮನ ಕಾಯಿಲೆ, ಹೊಲಿಗೆ ಯಂತ್ರ, ಹೀಗೇ ಐವತ್ತು ದಾಟಿತು. ಸ್ಟಮಾಟಿಸ್ ಬಂದು ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ. ಅವನಿರುವ ಮನೆಗೇ ಬರುತ್ತೇನೆ, ಅವನ ಮೊದಲ ಹೆಂಡತಿ ಕ್ರಿಸಾಂಥಿಯ ಪಾತ್ರೆಯಲ್ಲೇ ಅಡುಗೆ ಮಾಡುತ್ತೇನೆ, ಗೋಡೆಯ ಮೇಲೆ ಅವಳ ಫೋಟೋ ಇರಲಿ, ಆದರೆ ಅವಳ ಮಂಚದಲ್ಲಿ ಮಾತ್ರ ಮಲಗಲಾರೆ.

ಕ್ರಿಸಾಂಥಿ ನಿನಗೆ ನೆನಪಿರಬೇಕು, ಎತ್ತರದ ಹೆಂಗಸು, ನಗು ಜೋರು. ಅವಳು ಕಾಯಿಲೆಯಿಂದ ಇಳಿಯುತ್ತಾ ಹೋದಾಗ ಅವಳ ಉಡುಪುಗಳನ್ನು ಕಿರಿದು ಮಾಡಿಕೊಟ್ಟವಳು ನಾನೇ. ಕೊನೆಗೆ ಹೊಲಿಗೆಯ ಒಳಗೆ ಮಡಿಸಿದ ಬಟ್ಟೆಯೇ ಹೊರಗಿನದಕ್ಕಿಂತ ಹೆಚ್ಚಾಗಿತ್ತು. ಆ ಮಂಚ ಅವಳ ಅಪ್ಪ ಮಾಡಿದ್ದು, ಅಕ್ರೋಟಿನ ಮರದ್ದು. ಸುತ್ತಲೂ ಚಿಕ್ಕ ಚಿಕ್ಕ ಎಲೆಗಳ ಸಾಲು ಕೆತ್ತಿದ್ದ. ಅವಳು ಸತ್ತದ್ದೂ ಅದರ ಮೇಲೆಯೇ. ಸ್ಟಮಾಟಿಸ್, “ಒಳ್ಳೇ ಮರ ಕಣೇ, ಇಂಥದ್ದು ಈಗ ಎಲ್ಲಿ ಸಿಗುತ್ತೆ?” ಎಂದು ಒಮ್ಮೆ ಮಾತ್ರ ಅಂದ. ಮರುದಿನ ಅದನ್ನು ಬಿಚ್ಚಿ ಕೆಳಗಿನ ಸಾಮಾನುಕೋಣೆಗೆ ಸಾಗಿಸಿದ. ಹಳ್ಳಿಯಿಂದ ಅಣ್ಣನ ಮಗ ಬಂದು ಒಯ್ಯುತ್ತಾನೆ ಎಂದ.

ಇನ್ನು ಹೊಸ ಮಂಚ. ನಗಬೇಡ. ಇಪ್ಪತ್ತರ ವಯಸ್ಸಿನಲ್ಲಿ ನಾನು ವರದಕ್ಷಿಣೆಯ ಪೆಟ್ಟಿಗೆಗೆಂದು ಕಸೂತಿ ಹಾಕಿದ ಮೇಲುಹಾಸು, ಅಂಚಿಗೆಲ್ಲ ಲೇಸು, ಅದನ್ನು ಒಮ್ಮೆಯೂ ಹಾಸಿರಲಿಲ್ಲ. ಅದು ಆ ಕಾಲದ ಮಂಚದ ಅಳತೆಯದು. ಈಗಿನ ಮಂಚಗಳೋ ಕುದುರೆ ಓಡಿಸುವಷ್ಟು ಅಗಲ. ಹೊಸ ಹಾಸು ಕೊಳ್ಳಬಹುದಿತ್ತು. ಯಾರಾದರೂ ಬುದ್ಧಿಯಿರುವವರು ಹಾಗೆ ಮಾಡುತ್ತಿದ್ದರು. ನಾವು ಮೇಲುಹಾಸನ್ನು ಬಗಲಲ್ಲಿಟ್ಟುಕೊಂಡು ಥೆಸಲೋನಿಕಿಯ ಹೊರವಲಯದ ಆ ದೊಡ್ಡ ಅಂಗಡಿಗೆ ಹೋದೆವು, ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿ ಕೊಡುತ್ತಾರಲ್ಲ, ನಾವೇ ಮನೆಯಲ್ಲಿ ಜೋಡಿಸಿಕೊಳ್ಳಬೇಕು, ಅಂಥದ್ದು. ಪ್ರದರ್ಶನಕ್ಕಿಟ್ಟ ಒಂದೊಂದು ಮಂಚದ ಮೇಲೂ ಹಾಸನ್ನು ಬಿಡಿಸಿ ಹಾಸಿದೆ. ಲೇಸು ಒಂದು ಕಡೆ ಇಳಿದರೆ ಇನ್ನೊಂದು ಕಡೆ ಮಂಚದ ಬದಿ ಬೆತ್ತಲೆ. ಜನ ನಿಂತು ನೋಡುತ್ತಿದ್ದರು. ಸ್ಟಮಾಟಿಸ್ ಬೆವರು ಒರೆಸಿಕೊಂಡು, “ಅರ್ಗಿರೋ, ಮಾರೋಕೆ ಬಂದಿದೀವಿ ಅಂದ್ಕೊಂಡಿದಾರೆ, ಯಾರೋ ಹೆಂಗಸು ರೇಟ್ ಕೇಳಿದ್ಲು” ಎಂದ. ಕೊನೆಗೆ ಒಂದೇ ಒಂದು ಮಂಚ ಸರಿಹೋಯಿತು, ಬಿಳಿಯದು. ಎರಡೂ ಕಡೆ ಲೇಸು ಸಮನಾಗಿ ಇಳಿಯಿತು. ನಾನು ಅದರ ಅಂಚಿನ ಮೇಲೆ ಕೂತೆ. ಡೊಮ್ನಾ, ಅಂಗಡಿಯ ನಡುವೆ, ಕೋಟು ಹಾಕಿಕೊಂಡೇ, ನನಗೆ ಅಳು ಬಂತು.

ಮನೆಗೆ ತಂದು ಪೆಟ್ಟಿಗೆಗಳನ್ನು ಬಿಚ್ಚಿದೆವು. ಒಳಗೆ ಒಂದು ಪುಸ್ತಿಕೆ, ಒಂದಕ್ಷರವೂ ಇಲ್ಲ, ಬರೀ ಚಿತ್ರ. ಕೂದಲಿಲ್ಲದ, ಕಣ್ಣಿಲ್ಲದ ಒಬ್ಬ ಗಂಡಸು ನಗುತ್ತಾ ಹಲಗೆ ಹಿಡಿದು ನಿಂತಿದ್ದಾನೆ. ಸ್ಟಮಾಟಿಸ್‌ಗೆ ಮೊದಲ ಪುಟದಲ್ಲೇ ಅವನ ಮೇಲೆ ಸಿಟ್ಟು ಬಂತು. “ಥಾಸೋಸಿಗೆ ಹೋಗೋ ಹಡಗಿನ ಎಂಜಿನ್ನು ಕತ್ತಲಲ್ಲಿ ಬಿಚ್ಚಿ ಜೋಡಿಸಿದೋನು ನಾನು. ಈ ಬೋಳ ನಂಗೆ ಮಂಚ ಕಲಿಸ್ತಾನಾ?” ಎಂದು ಪುಸ್ತಿಕೆಯನ್ನು ಕಿಟಕಿಯ ಕಟ್ಟೆಯ ಮೇಲೆ ಎಸೆದ. ಸಂಜೆಯ ಹೊತ್ತಿಗೆ ತಲೆಹಲಗೆ ಕಾಲಿನ ಕಡೆ, ಕಾಲುಹಲಗೆ ತಲೆಯ ಕಡೆ ನಿಂತಿತು. ಮೆಲ್ಲನೆ ಎದ್ದು ಹೋಗಿ ಪುಸ್ತಿಕೆ ತಂದು ನನ್ನ ತೊಡೆಯ ಮೇಲಿಟ್ಟು, “ಆ ಬೋಳ ಏನಂತಾನೆ, ಸ್ವಲ್ಪ ನೋಡು” ಎಂದ. ಮತ್ತೆ ಎಲ್ಲ ಬಿಚ್ಚಿದೆವು.

ನಗುತ್ತಲೇ ಮಾಡಿದೆವು, ನಿಜ. ಒಮ್ಮೆ ಮಾತ್ರ, ಅವನು ಮಂಚದ ಕೆಳಗೆ ಅಂಗಾತ ಮಲಗಿದ್ದವನು, ಕೈ ಹೊರಗೆ ಚಾಚಿ, “ಕ್ರಿಸಾಂಥಿ, ಆ ತಿರುಪು ಕೊಡು” ಎಂದ. ನಾನು ಕೊಟ್ಟೆ. ಅವನಿಗೆ ತಾನು ಏನು ಅಂದೆನೆಂಬುದು ತಿಳಿಯಲೇ ಇಲ್ಲ. ಎಷ್ಟೋ ವರ್ಷ ಅವಳೇ ಅವನಿಗೆ ಸಾಮಾನು ಎತ್ತಿಕೊಟ್ಟವಳು, ಬಾಯಿಗೆ ರೂಢಿ. ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಲ್ಲ ಜೋಡಿಸಿ ಆದ ಮೇಲೆ ನಡುತೊಲೆ ಉಳಿಯಿತು. ತಲೆಯಿಂದ ಕಾಲಿನವರೆಗೆ ನಡುವೆ ಹಾಯುವ ತೊಲೆ, ಅಡ್ಡಪಟ್ಟಿಗಳೆಲ್ಲ ಅದರ ಮೇಲೆ ಕೂರಬೇಕು. ಅದು ಒಂದು ಗೇಣು ಮೋಟು! ಮಕ್ಕಳ ಮಂಚದ ತೊಲೆಯನ್ನು ನಮ್ಮ ಪೆಟ್ಟಿಗೆಗೆ ತುಂಬಿದ್ದರು. ಫೋನು ಮಾಡಿದರೆ ಸಂಗೀತ. ಸಂಗೀತ ಮುಗಿದರೆ ಒಂದು ದನಿ, ತಾಳ್ಮೆಗಾಗಿ ಧನ್ಯವಾದ ಎನ್ನುತ್ತದೆ, ಮತ್ತೆ ಸಂಗೀತ. ಸ್ಟಮಾಟಿಸ್ ಆ ದನಿಗೆ, “ನಂಗೆ ತಾಳ್ಮೆ ಇಲ್ಲ, ನಿಂಗ್ಯಾರು ಹೇಳಿದ್ರು?” ಎಂದು ಕೂಗುತ್ತಿದ್ದ. ಭಾನುವಾರ ಮದುವೆ, ಶುಕ್ರವಾರ ಮಂಚ ಅಲಂಕರಿಸಲು ಹೆಂಗಸರು ಬರುತ್ತಾರೆ. ಬುಧವಾರ ಮೋಟು ತೊಲೆಯನ್ನು ಕಾರಿಗೆ ಕಟ್ಟಿಕೊಂಡು ಮತ್ತೆ ಥೆಸಲೋನಿಕಿಗೆ ಓಡಿದೆವು.

ಚೀಟಿ ತೆಗೆದುಕೊಂಡು ಕಾದೆವು. ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳೇ. “ಅಮ್ಮಾ, ಈ ಮಾಡೆಲ್ ನಿಲ್ಸಿಬಿಟ್ಟಿದಾರೆ. ತೊಲೆ ಪೋಲೆಂಡಿನಿಂದ ಬರಬೇಕು. ಎರಡು ತಿಂಗಳಾಗಬಹುದು, ಬಂದ ಮೇಲೆ ಮನೆಗೇ ಕಳಿಸ್ತೀವಿ. ದುಡ್ಡು ವಾಪಸ್ ಬೇಕಾದ್ರೆ ಮಂಚ ಪೂರ್ತಿ ತಂದುಕೊಡಿ” ಎಂದಳು.

“ಅಲ್ಲಿ ನಿಲ್ಸಿದೀರಲ್ಲ ಮಂಚ, ಅದರದ್ದು ಬಿಚ್ಚಿ ಕೊಡಮ್ಮ” ಎಂದೆ.

“ಅದು ನೋಡೋಕೆ ಮಾತ್ರ.”

“ನಾವು ಮಲಗೋಕೆ ತಗೊಂಡಿದ್ದು ಮಗಳೇ” ಎಂದ ಸ್ಟಮಾಟಿಸ್. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನಾನು ನಾಚಿಕೆಯಿಂದ ಸತ್ತೆ.

ಹಿಂದಿರುಗುವಾಗ ಅಸ್ಪ್ರೋವಾಲ್ತಾದ ಸಮುದ್ರದಂಡೆಯಲ್ಲಿ ಕಾರು ನಿಲ್ಲಿಸಿ ಸುಟ್ಟ ಸಾರ್ಡೀನು ತಿಂದೆವು, ತಿಂದೆವು ಎಂದರೆ ನಾನು ಮುಳ್ಳು ಬಿಡಿಸುತ್ತಾ ಕೂತಿದ್ದೆ. “ಮಂಚ ಅಲಂಕರಿಸೋದು ಬೇಡ ಅಂತ ಹೇಳಿಬಿಡ್ತೀನಿ. ಈ ವಯಸ್ಸಿಗೆ ಯಾಕೆ ಬೇಕಿತ್ತು ನಂಗೆ? ಜನ ನಗ್ತಾರೆ” ಎಂದೆ. ಅವನು ಕೈ ಒರೆಸಿಕೊಂಡ. ಆಮೇಲೆ, “ಶುಕ್ರವಾರದ ಹೊತ್ತಿಗೆ ನಿನ್ನ ಮಂಚ ನಿಂತಿರುತ್ತೆ. ನಿಂಗೆ ಮಾತು ಕೊಡ್ತೀನಿ” ಎಂದ. ಹಾಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು ನೀನು. ನನಗಾಗಿ ಯಾರೂ ಯಾವತ್ತೂ ಹಾಗೆ ಮಾತು ಕೊಟ್ಟಿರಲಿಲ್ಲ.

ಕೊಟ್ಟ ಮಾತು ಉಳಿಸಿಕೊಂಡ. ಗುರುವಾರ ನಾನು ಉಡುಪಿನ ಕೊನೆಯ ಹೊಲಿಗೆಗೆಂದು ನನ್ನ ಹೊಲಿಗೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಂಚ ಗಟ್ಟಿಯಾಗಿ ನಿಂತಿತ್ತು, ಅದರ ಮೇಲೆ ಹಾಸಿಗೆಯೂ. ಲಾರಿಯವನೊಬ್ಬ ಪರಿಚಯದವನು ಇನ್ನೊಂದು ಊರಿನ ಅಂಗಡಿಯಿಂದ ತೊಲೆ ತಂದುಕೊಟ್ಟನಂತೆ. ನಾನು ಹಾಸಿಗೆಯ ಮೇಲೆ ಕೈಯೂರಿ ಒತ್ತಿ ನೋಡಿದೆ, ಕಿರ್ ಎನ್ನಲಿಲ್ಲ. ಅವನನ್ನು ತಬ್ಬಿಕೊಂಡೆ. ಅವನ ತೋಳಿನಲ್ಲಿ ಮರದ ಪುಡಿಯ ವಾಸನೆ ಬಂತು.

ಶುಕ್ರವಾರ ಹೆಂಗಸರು ಬಂದರು. ನನ್ನ ಹೊಲಿಗೆ ಅಂಗಡಿಯ ಹುಡುಗಿಯರು ಹಾಸು ಹಾಸಿದರು, ಪದ್ಧತಿಯಂತೆ ಸ್ಟಮಾಟಿಸ್ ಬಂದು ಎಳೆದು ಕೆಡಿಸಿದ, ಮತ್ತೆ ಹಾಸಿದರು, ಮತ್ತೆ ಕೆಡಿಸಿದ. ಅಕ್ಕಿ, ಗುಲಾಬಿ ಎಸಳು, ಸಕ್ಕರೆ ಬಾದಾಮಿ, ಎಲ್ಲ ಎರಚಿದರು. ಆಮೇಲೆ ಮಕ್ಕಳಾಗಲಿ ಎಂದು ಮಂಚದ ಮೇಲೆ ಮಗುವನ್ನು ಉರುಳಿಸಬೇಕಲ್ಲ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. “ಅದೊಂದು ಬೇಡ, ಬಿಡಿ” ಎಂದೆ ನಾನು. ಸ್ಟಮಾಟಿಸ್‌ನ ಚಿಕ್ಕಮ್ಮ ವೈತ್ಸಾ, ಎಂಬತ್ತು ದಾಟಿದ ಮುದುಕಿ, ಪಕ್ಕದ ಮನೆಯ ಕೂಸನ್ನು ಕಿತ್ತುಕೊಂಡು, “ಯಾಕೆ ಬೇಡ? ಹುಟ್ಟಲ್ಲ ಅಂತ ಗೊತ್ತು ಕಣೇ ನಂಗೂ. ನಿಂಗೂ ಒಂದ್ಸಲ ನೋಡೋ ಆಸೆ ಇರಲ್ವಾ?” ಎಂದು ಅದನ್ನು ನನ್ನ ಮೇಲುಹಾಸಿನ ಮೇಲೆ ಉರುಳಿಸಿಯೇಬಿಟ್ಟಳು. ಕೂಸು ನಗುತ್ತಾ ಲೇಸನ್ನು ಬಾಯಿಗಿಟ್ಟುಕೊಂಡಿತು. ಲೇಸು ನೆನೆದು ಹೋಯಿತು. ಆ ಒದ್ದೆ ಜಾಗವನ್ನು ನಾನು ಬಹಳ ದಿನ ತೊಳೆಯಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಪಾದ್ರಿಗೆ ಕೆಮ್ಮು. ನಿನ್ನ ಕುರ್ಚಿ ಖಾಲಿ ಬಿಟ್ಟಿದ್ದೆ, ಅದರಲ್ಲಿ ವೈತ್ಸಾ ಚಿಕ್ಕಮ್ಮ ತನ್ನ ಚೀಲ ಇಟ್ಟಳು. ಸ್ಟಮಾಟಿಸ್ ಒಳ್ಳೆಯ ಮನುಷ್ಯ. ಬೆಳಿಗ್ಗೆ ಕಾಫಿ ಅವನೇ ಮಾಡುತ್ತಾನೆ, ಸಕ್ಕರೆ ಎಷ್ಟು ಎಂದು ಒಮ್ಮೆಯೂ ಕೇಳಿಲ್ಲ, ಒಮ್ಮೆಯೂ ತಪ್ಪಿಲ್ಲ. ಯಾರಾದರೂ ಕೇಳಿದರೆ ಅರ್ಗಿರೋ ಸುಖವಾಗಿದ್ದಾಳೆ ಎನ್ನು.

ದೇವಮಾತೆ ನಿನ್ನ ಮಂಡಿಗೆ ಬಲ ಕೊಡಲಿ, ಮನೆಯವರನ್ನೆಲ್ಲ ಕಾಯಲಿ. ಈಸ್ಟರ್‌ಗೆ ನಡೆದುಕೊಂಡೇ ಹಡಗು ಹತ್ತು, ಬಂದರಿನಲ್ಲಿ ನಾನು ನಿಂತಿರುತ್ತೇನೆ.

ನಿನ್ನ,
ಅರ್ಗಿರೋ

ಮರೆತಿದ್ದೆ: ಡೊಮ್ನಾ, ಮರೆತಿರಲಿಲ್ಲ. ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ಇದನ್ನು ಸೊಸೆಗೆ ಓದಿ ಹೇಳಬೇಡ.

ಹೋದ ತಿಂಗಳು ಮಲಗುವ ಕೋಣೆಗೆ ಇರುವೆ ಬಂದವು. ಅಂದು ಎರಚಿದ ಸಕ್ಕರೆ ಬಾದಾಮಿ ಪಟ್ಟಿಗಳ ಸಂದಿಯಿಂದ ಕೆಳಗೆ ಬಿದ್ದಿರಬೇಕು ಎಂದುಕೊಂಡು ಹಾಸಿಗೆ ಸರಿಸಿ, ಪಟ್ಟಿಗಳನ್ನು ಎತ್ತಿದೆ. ನಡುತೊಲೆ ಬಿಳಿಯದಲ್ಲ. ಅಕ್ರೋಟಿನ ಮರ. ಅದರ ಮೈಮೇಲೆ ಚಿಕ್ಕ ಚಿಕ್ಕ ಎಲೆಗಳ ಸಾಲು, ಆ ಎಲೆಗಳ ನಡುವೆ ನನ್ನ ಮದುವೆಯ ಬಾದಾಮಿ, ಇರುವೆ.

ಅವಳ ಮಂಚದ ಬದಿಯ ತೊಲೆಯನ್ನು ಕೊಯ್ದು ಹಾಕಿದ್ದಾನೆ. ಕೊಯ್ದ ತುದಿಗಳನ್ನು ಉಜ್ಜಿ ನುಣುಪು ಮಾಡಿ ಮೇಣ ಹಚ್ಚಿದ್ದಾನೆ. ಯಾರಿಗೂ ಕಾಣದ ತುದಿಗೆ ಯಾರಾದರೂ ಮೇಣ ಹಚ್ಚುತ್ತಾರಾ? ನನಗೆ ಕೊಟ್ಟ ಮಾತಿಗಾಗಿ ಅವಳ ಮಂಚವನ್ನೇ ಕೊಯ್ದನೋ, ಅವಳನ್ನು ಕೆಳಗಿನ ಕೋಣೆಯಲ್ಲಿ ಬಿಡಲಾರದೆ ಮೇಲೆ ತಂದನೋ, ನನಗೆ ತಿಳಿಯುತ್ತಿಲ್ಲ. ಎರಡೂ ಇರಬಹುದು. ನಾನು ಬಾದಾಮಿಗಳನ್ನು ಆಯ್ದು, ಎಲೆಗಳನ್ನು ಒರೆಸಿ, ಹಾಸಿಗೆ ಮುಚ್ಚಿದೆ. ಅವನಿಗೆ ಏನೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಪೋಲೆಂಡಿನಿಂದ ಬಿಳಿ ತೊಲೆ ಬಂತು. ಸರಿಯಾದ ಅಳತೆಯದು. ತಿರುಪು ಬಿಚ್ಚುವುದು ನನಗೂ ಬರುತ್ತದೆ ಈಗ. ಮೊಣಕೈಯಂತೆ ಬಾಗಿದ ಆ ಪುಟ್ಟ ಕೀಲಿಯನ್ನು ಹಿಡಿದುಕೊಂಡು ಮಂಚದ ಪಕ್ಕ ಕೂತಿದ್ದೆ. ಆಮೇಲೆ ತೊಲೆಯನ್ನು ಬೀರುವಿನ ಹಿಂದೆ ನಿಲ್ಲಿಸಿ ಬಂದೆ. ಮಧ್ಯಾಹ್ನ ಊಟಕ್ಕೆ ಬಂದಾಗ, ಅವನು ಏನು ಹೇಳುತ್ತಾನೆ ನೋಡೋಣ ಎಂದು, “ಅಂಗಡಿಯಿಂದ ತೊಲೆ ಬಂದಿತ್ತು” ಎಂದೆ. ಅವನ ಕೈಯಲ್ಲಿದ್ದ ಚಮಚ ನಿಂತಿತು. ಅಷ್ಟು ಹೆದರಿದ ಮುಖವನ್ನು ನಾನು ನೋಡಿರಲಿಲ್ಲ.

“ನಮ್ಮದು ಸರಿಯಾಗಿದೆ, ಬೇಡ ಅಂತ ವಾಪಸ್ ಕಳಿಸ್ದೆ” ಎಂದೆ.

“ಒಳ್ಳೇದು ಮಾಡ್ದೆ” ಎಂದ. ಮತ್ತೆ ಹುರುಳಿಕಾಯಿ ಹಾಕಿಸಿಕೊಂಡು ಊಟ ಮಾಡಿದ. ಈಗ ಒಳಗೆ ಮಲಗಿದ್ದಾನೆ, ನಿಶ್ಚಿಂತೆಯಿಂದ, ಮಂಚದ ನಡುವೆ. ಹೋಗಿ ಅವನ ಪಕ್ಕ ಅಂಚಿನಲ್ಲಿ ಮಲಗುತ್ತೇನೆ.